ಮಾವ ಹೂಂ ಅಂದಿದ್ದು

ಮೊದಲು ಜ್ವರ ಬಂದದ್ದು ನಮ್ಮ ಯಜಮಾನರಿಗೆ. ಕೊಟ್ಟಿಗೆಗೆ ಒಣಗಿದ ಎಲೆ ಗುಡಿಸಿ ತರಲು ಇಬ್ಬರೂ ಕಾಡಿಗೆ ಹೋಗಿದ್ದೆವು. ಆ ಬೇಸಿಗೆಯಲ್ಲಿ ಅಲ್ಲಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಕೆಲವು ದಿನಗಳಲ್ಲೇ ಅವರು ತಲೆ ಹಿಡಿದುಕೊಂಡು ಕೂತರು. ಕಣ್ಣು ಕೆಂಪಾಯಿತು. ಸೊಂಟನೋವೆಂದು ಹೊರಳಾಡಿದರು. ಆಮೇಲೆ ವಸಡಿನಿಂದ ರಕ್ತ.

ಗಾಡಿಯಲ್ಲಿ ಸೊರಬದ ಆಸ್ಪತ್ರೆಗೆ ಸೇರಿಸಿದೆವು. ಅವರ ಬಾಯಿ ಒರೆಸುತ್ತ ಕೂತಿದ್ದ ನನಗೂ ಜ್ವರ ಏರಿತು. ಅಲ್ಲಿ ಮಲಗಿಸಲು ಜಾಗವಿರಲಿಲ್ಲ. ಉಡುತಡಿಯಿಂದ ಬಂದಿದ್ದ ನನ್ನ ಅಣ್ಣ ನನ್ನನ್ನು ಬಸ್ಸಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ದ. ಹೊರಡುವಾಗ ಯಜಮಾನರು ನನ್ನನ್ನು ಗುರುತಿಸಿದರೋ ಇಲ್ಲವೋ ತಿಳಿಯಲಿಲ್ಲ.

ಶಿಕಾರಿಪುರದ ವಾರ್ಡಿನ ನೆನಪು ತುಂಡು ತುಂಡು. ಗ್ಲೂಕೋಸ್ ಬಾಟಲಿ. ನೀರು ಕುಡಿಸುವ ಅಣ್ಣನ ಕೈ. ಎಚ್ಚರವಾದಾಗಲೆಲ್ಲ "ಅವರು ಹೆಂಗಿದಾರೆ?" ಎಂದು ಕೇಳುತ್ತಿದ್ದೆ. "ಹಂಗೇ ಅದಾರೆ" ಎನ್ನುತ್ತಿದ್ದ.

ಅಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಆಗಿತ್ತು.

ಜ್ವರ ಬಿಟ್ಟು ಊರಿಗೆ ಬಂದ ಮೇಲೆ ಹೇಳಿದರು. ನಾನು ತಡೆದುಕೊಳ್ಳಲಾರೆ, ತಿಳಿಸಬೇಡಿ ಎಂದು ಶಿಕಾರಿಪುರದ ಡಾಕ್ಟರೇ ಅಂದಿದ್ದರಂತೆ. ಇರಬಹುದು. ಆದರೆ ಇಲ್ಲದವರ ಆಯಸ್ಸಿಗಾಗಿ ಹಾಸಿಗೆಯಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದ ಆ ದಿನಗಳನ್ನು ಈಗ ಏನು ಮಾಡಲಿ?

ಇನ್ನೊಂದು ಸಂಗತಿ ಅತ್ತೆಯ ಬಾಯಿಂದ ಬಂತು. ಈ ಹೊಸ ಕಾಯಿಲೆ ಏನೆಂದು ತಿಳಿಯಲು ಹೊರಗಿನಿಂದ ಬಂದಿದ್ದ ಡಾಕ್ಟರು ದೇಹವನ್ನು ಕೊಯ್ದು ನೋಡಿದ್ದರು. ಮಾವ ಒಪ್ಪಿದ್ದರು. ನನ್ನನ್ನು ಯಾರೂ ಕೇಳಲಿಲ್ಲ.

ಮಾವನೊಡನೆ ಮಾತು ಬಿಟ್ಟೆ. ಒಂದು ದಿನ ಅವರೇ ಗಂಜಿ ತಂದಿಟ್ಟು, ನೆಲ ನೋಡುತ್ತ ಹೇಳಿದರು: "ಅವ್ನು ಹೋಗಿಯಾಗಿತ್ತು ತಾಯಿ. ನೀನಾದ್ರೂ ಉಳೀಲಿ ಅಂತ ಹೂಂ ಅಂದೆ. ಅವ್ನ ಮೈ ನೋಡಿದ್ರೆ ನಿಂಗೆ ಯಾವ ಔಷಧಿ ಅಂತ ಗೊತ್ತಾಗ್ತದೆ ಅಂದ್ಕಂಡೆ."

ಮುಂದಿನ ವಾರ, ದೇಹ ಕೊಯ್ದು ನೋಡಿದ್ದ ಅದೇ ಡಾಕ್ಟರು ಜೀಪಿನಲ್ಲಿ ಬಂದರು. ಜ್ವರ ಬಂದು ಬದುಕಿ ಉಳಿದವರ ರಕ್ತ ಟೆಸ್ಟಿಗೆ ಬೇಕಿತ್ತು. ಮಾವ ಗದ್ದೆಗೆ ಹೋಗಿದ್ದರು. ನಾನು ತೋಳು ಚಾಚಲಿಲ್ಲ.

"ಮಾವ ಒಪ್ಪಿದ್ದು ನನ್ನ ಔಷಧಿಗೆ ಅಂತ. ನೀವು ಹಂಗೆ ಹೇಳಿದ್ರೇನ್ರೀ?"

"ಹೇಳ್ಲಿಲ್ಲಮ್ಮ." ಅವರು ಸಿರಿಂಜನ್ನು ಡಬ್ಬಿಯಲ್ಲಿಟ್ಟರು. "ಅವರು ಹಾಗೆ ತಿಳ್ಕೊಂಡಿದಾರೆ ಅಂತ ಗೊತ್ತಾಗಿತ್ತು. ತಿದ್ದಲಿಲ್ಲ. ತಿದ್ದಿದ್ರೆ ಒಪ್ತಿರಲಿಲ್ಲ."

"ಅದ್ರಿಂದ ನಂಗೇನಾದ್ರೂ ಆಯ್ತಾ?"

"ಇಲ್ಲ. ಇದಕ್ಕೆ ಔಷಧಿನೇ ಇಲ್ಲ. ಮುಂದೆ ಯಾರಿಗಾದ್ರೂ ಉಪಯೋಗ ಆಗಬಹುದು. ಅದೂ ಖಾತ್ರಿ ಇಲ್ಲ."

ಸಿಟ್ಟು ಬಂತು. ಜೊತೆಗೆ, ಕಾಯಿಲೆ ಬಿದ್ದ ಮೇಲೆ ನನ್ನೆದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ಇವರೊಬ್ಬರೇ ಎಂದೂ ಅನಿಸಿತು. "ಇನ್ನೊಂದು ಮನೇಲಿ ಕೇಳೋವಾಗ ಇದನ್ನ ಮೊದಲೇ ಹೇಳಿ" ಎಂದೆ. ಅವರು ತಲೆಯಾಡಿಸಿದರು. ಆಮೇಲೆ ತೋಳು ಚಾಚಿದೆ.

ಸಂಜೆ ಮಾವ ಬಂದು ಬಾಗಿಲಲ್ಲೇ ನಿಂತರು. "ಡಾಕ್ಟ್ರು ಏನಂದ್ರು? ನಾ ಹೂಂ ಅಂದಿದ್ದು ಏನಾದ್ರೂ ಉಪಯೋಗಕ್ಕೆ ಬಂತಂತಾ?"

ಮಗ ಹೋದಂದಿನಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಕೆನ್ನೆ ಒಳಗೆ ಸೇರಿತ್ತು.

"ಬಂತಂತೆ ಮಾವ," ಎಂದೆ. "ನಂಗೇ ಬಂತಂತೆ."

ಅವರು ಅಲ್ಲೇ ಕುಸಿದು ಕೂತು ಟವಲ್ಲಿನಿಂದ ಮುಖ ಮುಚ್ಚಿಕೊಂಡರು.

ಈಗ ನಾನು ಕೈ ನಡುಗದೆ ಬಿಂದಿಗೆ ಎತ್ತಬಲ್ಲೆ. ಬದುಕಿದ್ದೇನೆ ಎಂಬುದು ಒಮ್ಮೊಮ್ಮೆ ಸಂತೋಷವನ್ನೂ ಕೊಡುತ್ತದೆ. ಮಾವ ಎರಡು ಹೊತ್ತು ಉಣ್ಣುತ್ತಿದ್ದಾರೆ. ನಿಜ ಹೇಳಿಬಿಡಬೇಕೆಂದು ಹತ್ತಿರ ಹೋಗುತ್ತೇನೆ. ಅವರು ಅನ್ನ ಕಲಸುವುದನ್ನು ನೋಡಿ, ಇನ್ನಷ್ಟು ಸಾರು ಬಡಿಸಿ ಬರುತ್ತೇನೆ.