ಬೆಳ್ಳ್ಯಾ ಹಿಡಿದ ಶ್ರಾವಣ

ನಮ್ಮವ್ವನ ಬಲಗೈ ಮೇಲೆ ಏಳು ಗಾಯದ ಕಲೆಗಳಿವೆ. ಎರಡು ಕುಡುಗೋಲಿನವು, ಒಂದು ಒಲೆಯದು. ಉಳಿದ ನಾಲ್ಕು ಒಂದು ಮೀನಿನವು. ನಾನು ಸುರೇಖಾ, ಸರ್ಕಾರಿ ದವಾಖಾನೆಯ ನರ್ಸ್, ದಿನಕ್ಕೆ ಹತ್ತು ಗಾಯ ತೊಳೆಯುವವಳು. ಆದರೂ ಆ ನಾಲ್ಕು ಕಲೆಗಳ ಬಗ್ಗೆ ಯಾರಾದರೂ ಕೇಳಿದರೆ ಮೊದಲೆಲ್ಲ ಮಾತು ಮರೆಸುತ್ತಿದ್ದೆ. ಹೋದ ಶ್ರಾವಣದಿಂದ ಮರೆಸುವುದನ್ನು ಬಿಟ್ಟಿದ್ದೇನೆ.

ಅವ್ವನ ಹೆಸರು ಜೋಗಮ್ಮ. ಊರು ಪಾಮನಕಲ್ಲೂರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಸಿಂಧನೂರಿಗೆ ಬಂದವಳು ಕರಿಬಸಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಕಸ ಬಳಿಯುವ, ನುಚ್ಚು ಕೇರುವ ಕೆಲಸ ಹಿಡಿದಳು. ಗಿರಣಿಯ ಹಿಂದಿನ ಒಂದೇ ಖೋಲಿಯಲ್ಲಿ ನಾನು ಬೆಳೆದೆ, ಓದಿದೆ, ನೌಕರಿ ಸಿಕ್ಕಿ ಮತ್ತೆ ಪಾಮನಕಲ್ಲೂರಿಗೇ ಹೋದೆ. ಬಾ, ನನ್ನ ಕೂಡ ಇರು ಎಂದು ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ. ನಾ ಬಂದರೆ ಬೆಳ್ಳ್ಯಾನ ಗತಿ ಏನು ಎನ್ನುತ್ತಿದ್ದಳು. ಬೆಳ್ಳ್ಯಾ ಅಂದರೆ ಆ ಮೀನು. ಹೆತ್ತ ಮಗಳಿಗಿಂತ ಸಾಹುಕಾರನ ಮನೆಯ ಮೀನು ಹೆಚ್ಚಾಯಿತೇ ಎಂದು ನನ್ನ ಮೈ ಉರಿಯುತ್ತಿತ್ತು.

ಎಂಟು ವರ್ಷದ ಹಿಂದೆ ಯಾವನೋ ವಾಸ್ತು ಹೇಳುವವನು, ಪಡಸಾಲೆಯ ಈಶಾನ್ಯ ಮೂಲೆಗೆ ಅರೋವಾನ ಮೀನು ಇಟ್ಟರೆ ಗಿರಣಿ ನಿಲ್ಲದೆ ತಿರುಗುತ್ತದೆ ಎಂದು ಕರಿಬಸಪ್ಪನವರ ತಲೆಯಲ್ಲಿ ತುಂಬಿದ. ತಂದಾಗ ಬೆರಳುದ್ದ ಇತ್ತಂತೆ. ವರ್ಷ ತುಂಬುವುದರೊಳಗೆ ಮೊಳ ದಾಟಿತು. ಮೈತುಂಬ ಬೆಳ್ಳಿಯ ಹುರುಪೆ, ಮೇಲಕ್ಕೆ ತೆರೆಯುವ ಬಾಯಿ, ನಾಲಿಗೆಯ ಮೇಲೂ ಹಲ್ಲು. ಅದು ತಿನ್ನುವುದು ಸಿಗಡಿ, ಜಿರಳೆ, ಸಣ್ಣ ಮೀನು. ಇಷ್ಟನ್ನು ವಾಸ್ತುವಿನವನು ಹೇಳಿರಲಿಲ್ಲ. ಸಾಹುಕಾರರ ಮನೆಯಲ್ಲಿ ದಿನಾ ಲಿಂಗಪೂಜೆ, ಸೋಮವಾರ ಉಳ್ಳಾಗಡ್ಡಿಯನ್ನೂ ಹೆಚ್ಚುವುದಿಲ್ಲ. ಸಿಗಡಿ ಮುಟ್ಟುವವರು ಯಾರು? ಸಾಹುಕಾರರ ಹೆಂಡತಿ ಶೇಖರಮ್ಮನವರೇ ದಾರಿ ಹುಡುಕಿದರು. "ಜೋಗಮ್ಮನ್ನ ಕರೀರಿ. ಆಕಿ ಹೆಂಗೂ ತಿನ್ನಾಕಿ."

ಆ ಒಂದು ಮಾತಿನಿಂದ ಅವ್ವ ದಿನಕ್ಕೆರಡು ಸಲ ಹಿತ್ತಲ ಬಾಗಿಲಿನಿಂದ ಆ ಪಡಸಾಲೆಗೆ ಹೋಗುವಂತಾಯಿತು. ಮೀನಿನ ಗಾಜಿನ ತೊಟ್ಟಿಯ ತನಕ ಅಷ್ಟೇ. ಚಹಾ ಮಾತ್ರ ಮೊದಲಿನಂತೆ ಹಿತ್ತಲಲ್ಲೇ, ಗೂಟಕ್ಕೆ ನೇತುಹಾಕಿದ ಅವಳದೇ ಲೋಟದಲ್ಲಿ.

ಬಸ್ ನಿಲ್ದಾಣದ ಹತ್ತಿರ ಮೀನಿನ ತೊಟ್ಟಿ ಮಾರುವ ಅಜೀಮ್ ಅವಳಿಗೆ ಗುರುವಾದ. ಇಂಥ ಬೇಟೆ ಮೀನುಗಳು ರೋಗಕ್ಕಿಂತ ಗಾಯಕ್ಕೇ ಹೆಚ್ಚು ಸಾಯುತ್ತವೆ ಎಂದು ಅವನು ಮೊದಲ ದಿನವೇ ಹೇಳಿದ. ಬೆದರಿದರೆ ಗಾಜಿಗೆ ಗುದ್ದುತ್ತವೆ, ಹಸಿದರೆ ನೀರು ಬಿಟ್ಟು ಹಾರುತ್ತವೆ, ಬಲೆಯಲ್ಲಿ ಹಿಡಿದರೆ ರೆಕ್ಕೆ ಹರಿದುಕೊಳ್ಳುತ್ತವೆ. ಅವ್ವ ಅಕ್ಷರ ಕಲಿತವಳಲ್ಲ, ಆದರೆ ಕಿವಿ ಚುರುಕು. ತೊಟ್ಟಿಯಲ್ಲಿದ್ದ ಬಣ್ಣದ ಕಲ್ಲು, ಪ್ಲಾಸ್ಟಿಕ್ ಸೇತುವೆ ಎಲ್ಲ ತೆಗೆಸಿದಳು. ಮೂರು ಕಡೆ ಗಾಜಿಗೆ ಕರಿ ಕಾಗದ ಅಂಟಿಸಿದಳು. ಮುಚ್ಚಳದ ಮೇಲೆ ಗಿರಣಿಯ ಹಳೆಯ ಐದು ಕಿಲೋ ತೂಕದ ಕಲ್ಲು ಎರಡು ಹೇರಿದಳು. ಕತ್ತಲಲ್ಲಿ ತೊಟ್ಟಿಯ ದೀಪ ಒಮ್ಮೆಲೇ ಹಾಕಬಾರದು. ಮೊದಲು ಪಡಸಾಲೆಯದು, ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಬಿಟ್ಟು ತೊಟ್ಟಿಯದು. ಸಾಹುಕಾರರಿಗೂ ಅದನ್ನೇ ರೂಢಿ ಮಾಡಿಸಿದಳು. ಪ್ರತಿ ವಾರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಸಂತೆಗೆ ಹೋಗಿ, ಅಲ್ಲಿನ ಹೆಣ್ಣುಮಕ್ಕಳ ಹತ್ತಿರ ಸಿಗಡಿ ಆರಿಸಿ ತಂದು, ಒಂದೊಂದರ ತಲೆಯ ಮುಳ್ಳನ್ನೂ ಕತ್ತರಿಯಿಂದ ಕತ್ತರಿಸುತ್ತಿದ್ದಳು, ಮೀನಿನ ಗಂಟಲಿಗೆ ಚುಚ್ಚಬಾರದೆಂದು. ಕೈಯಿಂದಲೇ ತಿನ್ನಿಸುವಾಗ ಅದರ ಹಲ್ಲು ತಾಗಿ ಆದವು ಆ ನಾಲ್ಕು ಕಲೆಗಳು. ನಾನು ಚಿಕ್ಕವಳಿದ್ದಾಗ ಮೊಣಕಾಲು ಕೆತ್ತಿಕೊಂಡು ಬಂದರೆ ಇದೇ ಹೆಂಗಸು ಒಂದು ಹಿಡಿ ಬೂದಿ ಒತ್ತಿ, ಹೋಗು ಆಡಿಕೋ ಎಂದಿದ್ದಳು.

ಹೆಸರೂ ಬಂತು, ಸುಳ್ಳು ಯಾಕೆ ಹೇಳಲಿ. ಮಸ್ಕಿಯ ಒಂದು ಖಾನಾವಳಿಯಲ್ಲಿ ಕೆಂಪು ಬಾಲದ ದೊಡ್ಡ ಮೀನು ಗೋಲಿಯಂಥ ಕಲ್ಲು ನುಂಗಿ ತಲೆಕೆಳಗಾದಾಗ ಅವ್ವನನ್ನೇ ಕರೆಸಿದರು. ಲಿಂಗಸುಗೂರಿನ ಲಾಡ್ಜಿನವರು ತಮ್ಮ ಮೀನು ಗಾಜಿಗೆ ಮೂಗು ತಿಕ್ಕಿ ತಿಕ್ಕಿ ಹುಣ್ಣು ಮಾಡಿಕೊಂಡಾಗ ಜೀಪು ಕಳಿಸಿದರು. ಆ ದಿನ ಫೋನಿನಲ್ಲಿ ಅವ್ವ ಹೇಳಿದ್ದು ಮೀನಿನ ಸುದ್ದಿಯಲ್ಲ. ಲಾಡ್ಜಿನ ಮಾಲೀಕ ಕುರ್ಚಿ ಕೊಟ್ಟು, ಕೂಡ್ರಿ ಜೋಗಮ್ಮನವರ ಅಂದನಂತೆ. ಅದನ್ನೇ ಮೂರು ಸಲ ಹೇಳಿದಳು.

ಹೋದ ವರ್ಷ ಕರಿಬಸಪ್ಪನವರಿಗೆ ಎದೆನೋವು ಬಂದು ಕಲಬುರಗಿಯ ದವಾಖಾನೆ ಸೇರಿದರು. ಗಂಡ ನೆಟ್ಟಗೆ ಮನೆಗೆ ಬಂದರೆ ಶ್ರಾವಣ ತಿಂಗಳಿಡೀ ಪಡಸಾಲೆಯಲ್ಲಿ ಪೂಜೆ, ಕಡೇ ಸೋಮವಾರ ಸ್ವಾಮಿಗಳ ಪಾದಪೂಜೆ ಎಂದು ಶೇಖರಮ್ಮನವರು ಹರಕೆ ಹೊತ್ತರು. ಅವರು ಬಂದರು. ಶ್ರಾವಣವೂ ಬಂತು. ಅಮಾವಾಸ್ಯೆಯ ಮರುದಿನ ಅವ್ವ ಸಿಗಡಿ ಡಬ್ಬಿ ಹಿಡಿದು ಹೋದರೆ ಶೇಖರಮ್ಮನವರು ಹಿತ್ತಲ ಬಾಗಿಲಲ್ಲೇ ತಡೆದರು. ಪೂಜೆಯ ಜಾಗದಲ್ಲಿ ತಿಂಗಳು ಮುಗಿಯುವ ತನಕ ಮಾಂಸ ಕೂಡದು. "ಮೀನೂ ಮನಿಯಾಗಿನ ಜೀವಾನ ಹೌದಲ್ಲ. ಅದೂ ಶ್ರಾವಣ ಹಿಡೀಲಿ" ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಅದಕ್ಕೂ ಪುಣ್ಯ ಬರಲಿ ಎಂದೇ ಹೇಳಿದರು. ಅದಕ್ಕೇ ನನಗೆ ಇನ್ನೂ ಸಿಟ್ಟು.

ಅವ್ವ ಬೇಡಿಕೊಂಡಳು. ತೊಟ್ಟಿಯನ್ನು ಗಿರಣಿಯ ಆಫೀಸಿಗೆ ಸಾಗಿಸೋಣ ಎಂದಳು. ಈಶಾನ್ಯ ಖಾಲಿಯಾದರೆ ಯಜಮಾನರ ಎದೆಗೆ ಏನಾದರೂ ಆದೀತು ಎಂದು ಅದೂ ಆಗಲಿಲ್ಲ. ನೆನೆಸಿದ ಕಡಲೆ ಹಾಕಿದರು, ಪನೀರು ಹಾಕಿದರು. ಬೆಳ್ಳ್ಯಾ ಬಾಯಿಗೆ ತೆಗೆದುಕೊಂಡು ಉಗುಳಿತು. ಅವ್ವ ಅಜೀಮನ ಹತ್ತಿರ ಓಡಿದಳು. ಅವನು ಹೇಳಿದ್ದನ್ನು ನನಗೆ ಫೋನಿನಲ್ಲಿ ಹೇಳಿದಳು: "ತಿಂಗಳು ಉಪವಾಸ ಇದ್ರ ಸಾಯಂಗಿಲ್ಲಂತ ಸುರೇಖಾ. ಹಸಿದು ಏನ್ ಮಾಡ್ಕೊಂತದಲ್ಲ, ಅದಕ್ಕ ಸಾಯ್ತದಂತ."

ಎರಡನೆಯ ವಾರಕ್ಕೆ ಬೆಳ್ಳ್ಯಾ ಶುರು ಮಾಡಿತು. ಗೋಡೆಯ ಮೇಲಿನ ಹಲ್ಲಿಗೆ, ಮುಚ್ಚಳದ ಮೇಲೆ ಕೂತ ಹುಳಕ್ಕೆ, ಏನೂ ಇಲ್ಲದಿದ್ದರೆ ಗಾಜಿನಲ್ಲಿ ಕಾಣುವ ತನ್ನ ನೆರಳಿಗೇ ಹಾರುವುದು, ಗುದ್ದುವುದು. ಕೆಳದವಡೆಯ ಮುಂದಿನ ಎರಡು ಮೀಸೆಯಲ್ಲಿ ಒಂದು ಮುರಿಯಿತು. ಅವ್ವ ಮುಚ್ಚಳದ ಒಳಮೈಗೆ ಹಾಸಿಗೆಯ ಸ್ಪಂಜು ಕತ್ತರಿಸಿ ಕಟ್ಟಿದಳು. ಹಾರಿದರೂ ಮುಚ್ಚಳ ಮುಟ್ಟದಿರಲೆಂದು ನಾಲ್ಕು ಬೆರಳು ನೀರು ಇಳಿಸಿದಳು. ಹುಳ ಬರಬಾರದೆಂದು ದೀಪ ಆರಿಸಿ ತೊಟ್ಟಿಗೆ ತನ್ನ ಹಳೆಯ ಸೀರೆ ಹೊದಿಸಿದರೆ, ಪೂಜೆಗೆ ಬಂದವರಿಗೆ ಅಸಹ್ಯ ಕಾಣುತ್ತದೆಂದು ಅದನ್ನು ತೆಗೆಸಿದರು. ದಿನಾ ಸಂಜೆ ನನಗೆ ಫೋನು. ಇನ್ನು ಹದಿನಾರು ದಿನ. ಇನ್ನು ಹದಿನೈದು ದಿನ.

ಒಂದು ಸಂಜೆ ಕೇಳಿಯೇಬಿಟ್ಟಳು. "ನೀ ಬಿಳಿ ಕೋಟ್ ಹಾಕ್ಕೊಂಡು ಬಂದು ಒಂದ್ ಮಾತು ಹೇಳವ್ವ. ನರ್ಸಮ್ಮ ಹೇಳಿದ್ರ ಶೇಖರಮ್ಮ ಅವ್ವಾರು ಕೇಳ್ತಾರ." ನಾನು ಏನೆಂದೆ ಗೊತ್ತೇ? ಲೋಟ ಬೇರೆ ಇಟ್ಟವರ ಮನೆಯ ಮೀನಿಗಾಗಿ ನಾನು ಕೈಮುಗಿಯಬೇಕೇ, ಸತ್ತರೆ ಸಾಯಲಿ, ನಿನಗಾದರೂ ಬಿಡುಗಡೆ ಎಂದೆ. ಅವ್ವ ಸಿಟ್ಟಾಗಲಿಲ್ಲ. "ಅದೇನು ಲೋಟ ಬ್ಯಾರೆ ಇಟ್ಟಿಲ್ಲಲ್ಲ" ಎಂದು ಫೋನು ಇಟ್ಟಳು.

ಕಡೇ ಸೋಮವಾರ ಬಂತು. ಹಿಂದಿನ ದಿನವೇ ಶೇಖರಮ್ಮನವರು, ನಾಳೆ ಸ್ವಾಮಿಗಳು, ಬೀಗರು, ನಲವತ್ತು ಮಂದಿ ಬರುತ್ತಾರೆ, ನೀನು ಒಂದು ದಿನ ಮಗಳ ಊರಿಗೆ ಹೋಗಿ ಬಾ ಎಂದರಂತೆ. ಯಾಕೆಂದು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಅವ್ವ ಮುಚ್ಚಳ ಒತ್ತಿ ನೋಡಿ, ಕಲ್ಲು ಸರಿಯಾಗಿ ಇಟ್ಟು, ಸಾಹುಕಾರರ ಮಗ ಗುರುಬಸವನಿಗೆ ಇದನ್ನು ಮಾತ್ರ ತೆಗೆಯಬೇಡಪ್ಪ ಎಂದು ಎರಡೆರಡು ಸಲ ಹೇಳಿ ಪಾಮನಕಲ್ಲೂರಿಗೆ ಬಂದಳು. ನಾನು ದವಾಖಾನೆಯಲ್ಲಿ ಚುಚ್ಚುಮದ್ದು ಕೊಡುತ್ತಿದ್ದರೆ ಬೆಂಚಿನ ಮೇಲೆ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಬರೀ ಐದು ದಿನ ಉಳಿದಿತ್ತು.

ಹನ್ನೊಂದೂವರೆಗೆ ನನ್ನ ಫೋನು ಬಡಿದುಕೊಂಡಿತು. ಗುರುಬಸವ. ಸ್ವಾಮಿಗಳ ಪಾದ ತೊಳೆದ ನೀರನ್ನು ಎಲ್ಲರಿಗೂ ಹಂಚಿ, ಮೀನಿಗೂ ಒಂದು ಬಟ್ಟಲು ಹಾಕೋಣ ಎಂದು ಅವನ ತಾಯಿ ಹೇಳಿದ್ದಾರೆ. ಅವನು ಕಲ್ಲು ಇಳಿಸಿ ಮುಚ್ಚಳ ತೆಗೆದಿದ್ದಾನೆ. ಮೇಲೆ ಚೆಂಡುಹೂವಿನ ಮಾಲೆ ತೂಗಾಡುತ್ತಿತ್ತಂತೆ. ಇಪ್ಪತ್ತೈದು ದಿನ ಹಸಿದ ಬೆಳ್ಳ್ಯಾ ಅದಕ್ಕೆ ಹಾರಿ, ಕಲ್ಲಿನ ನೆಲದ ಮೇಲೆ ಬಿದ್ದು ಬಡಿದುಕೊಳ್ಳುತ್ತಿದೆ. ಜೋಗಮ್ಮ ಎಲ್ಲಿ ಎಂದು ಕೇಳುತ್ತಾನೆ, ಅವನ ತಾಯಿಯೇ ಕಳಿಸಿದ್ದನ್ನು ಮರೆತು.

ಅವ್ವ ಫೋನು ಕಸಿದುಕೊಂಡಳು. ಹಸಿ ಅರಿವೆ ಕಣ್ಣಿನ ಮೇಲೆ ಹಾಕಿ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ನೀರಿಗೆ ಬಿಡಿ, ಬಾಲ ಮಾತ್ರ ಹಿಡಿಯಬೇಡಿ ಎಂದಳು. ಆ ಕಡೆಯಿಂದ ಉತ್ತರ ಬಂತು: "ಎಲ್ಲಾರೂ ಲಿಂಗ ಹಿಡಕೊಂಡು ಪೂಜಿಗೆ ಕುಂತಾರ ಜೋಗಮ್ಮ. ಯಾರೂ ಮುಟ್ಟವಲ್ಲರು. ಹಮಾಲರನ್ನ ಕರಿಯಾಕ ಕಳ್ಸೀವಿ."

"ನೀ ಮುಟ್ಟಪ್ಪಾ," ಅವ್ವ ಅಂದಳು. "ನಿನ್ನ ಕಾಲಿಗೆ ಬೀಳ್ತೀನಿ, ನೀ ಮುಟ್ಟು. ಆಮ್ಯಾಲ ಜಳಕ ಮಾಡೀಯಂತ."

ಅವನು ಅಮ್ಮ ಅಮ್ಮ ಎಂದು ತಾಯಿಯನ್ನು ಕೇಳುತ್ತಿದ್ದ. ಹಿಂದೆ ನೆಲಕ್ಕೆ ಬಡಿಯುವ ಸಪ್ಪಳ ನನಗೂ ಕೇಳುತ್ತಿತ್ತು. ಮುಟ್ಟಿದರೆ ನಿಮ್ಮ ಕೈ ಉದುರುತ್ತಾವೇನ್ರೀ ಎಂದು ನಾನು ಅರಚಿದೆ. ದವಾಖಾನೆಯಲ್ಲಿದ್ದ ತಾಯಂದಿರು ಕೂಸುಗಳನ್ನು ಅಪ್ಪಿಕೊಂಡು ನನ್ನನ್ನೇ ನೋಡಿದರು. ಅವ್ವ ಹತ್ತು ನಿಮಿಷ ಅದನ್ನೇ ಹೇಳಿದಳು, ಹೊಟ್ಟೆಯ ಕೆಳಗೆ ಕೈ ಕೊಡಿ, ಹೊಟ್ಟೆಯ ಕೆಳಗೆ. ಕೊನೆಗೆ ಒಬ್ಬ ಹಮಾಲ ಬಂದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಬಾಲ ಹಿಡಿದು ಎತ್ತಿ ತೊಟ್ಟಿಗೆ ಎಸೆದ.

ಕೂಡಲೇ ಸಿಂಧನೂರಿಗೆ ಹೊರಟೆವು. ಮಸ್ಕಿಯಲ್ಲಿ ಬಸ್ಸು ಬದಲಿಸಲು ಮುಕ್ಕಾಲು ತಾಸು ಕಾದೆವು. ಅವ್ವ ಒಂದೇ ಮಾತು ಕೇಳಿದಳು. "ಬೆನ್ನೆಲಬು ಮುರದ್ರ ನಿಮ್ಮ ದವಾಖಾನ್ಯಾಗ ಏನ್ ಮಾಡ್ತೀರಿ?" ಅಲುಗಾಡಿಸದೆ ಹಲಗೆಯ ಮೇಲೆ ಮಲಗಿಸಿ ದೊಡ್ಡ ಊರಿಗೆ ಕಳಿಸುತ್ತೇವೆ ಎಂದೆ. ಅವಳು ತಲೆ ಆಡಿಸಿದಳು.

ಸಾಹುಕಾರರ ಮನೆ ಮುಟ್ಟಿದಾಗ ಬೆಳ್ಳ್ಯಾ ತೊಟ್ಟಿಯ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು. ಹಿಂಭಾಗ ಸೊಟ್ಟಗಾಗಿತ್ತು, ಒಂದು ಕಡೆಯ ಹುರುಪೆ ಅಷ್ಟೂ ಕಿತ್ತುಹೋಗಿತ್ತು. ಕರಿಬಸಪ್ಪನವರು ಎದೆಯ ಮೇಲೆ ಕೈಯಿಟ್ಟು ಒಳಕೋಣೆಯಲ್ಲಿ ಮಲಗಿದ್ದರು. ಅವ್ವ ಯಾರನ್ನೂ ಕೇಳದೆ ಮುಂಬಾಗಿಲಿನಿಂದಲೇ ಒಳಗೆ ಹೋದಳು, ಯಾರೂ ತಡೆಯಲಿಲ್ಲ. ಅಜೀಮ್ ಹೇಳಿದಷ್ಟು ಉಪ್ಪು ಹಾಕಿದಳು, ನೀರು ಇಳಿಸಿದಳು, ಎರಡೂ ಕಡೆ ಸ್ಪಂಜು ಕೊಟ್ಟು ನೆಟ್ಟಗೆ ನಿಲ್ಲಿಸಿದಳು. ಸ್ಪಂಜು ಜಾರಿದಾಗಲೆಲ್ಲ ತನ್ನ ಕೈಯನ್ನೇ ಆನಿಸಿದಳು. ಮೂರು ದಿನ ನಾನು ರಜೆ ಹಾಕಿ ಅವಳ ಪಕ್ಕದಲ್ಲಿ ಕೂತೆ. ಕ್ಷಮಿಸು ಅವ್ವಾ ಎಂದೆ. "ಉಪ್ಪು ತಂದುಕೊಡು" ಎಂದಳು.

ಬುಧವಾರ ಸಂಜೆ ಶೇಖರಮ್ಮನವರು ದೂರದಲ್ಲೇ ನಿಂತು, ಸಿಗಡಿ ತಾ ಜೋಗಮ್ಮ, ಶ್ರಾವಣ ಇದ್ದರೆ ಇರಲಿ ಎಂದು ಅತ್ತರು. ಅವ್ವ ಅದೇ ಹೊತ್ತಿಗೆ ಹೋಗಿ ತಂದಳು. ಮುಳ್ಳು ಕತ್ತರಿಸಿ ಬಾಯಿಯ ಹತ್ತಿರ ಹಿಡಿದಳು. ಬೆಳ್ಳ್ಯಾ ಬಾಯಿ ತೆರೆಯಲಿಲ್ಲ. ಗುರುವಾರ ಬೆಳಿಗ್ಗೆ ಕಿವಿರು ಆಡುವುದು ನಿಂತಿತು.

ಎಲ್ಲರೂ ಪಡಸಾಲೆಯಲ್ಲಿ ನಿಂತಿದ್ದರು. ಪೂಜೆಗೆ ಹೊತ್ತಾಗುತ್ತಿತ್ತು. ಎತ್ತಿಕೊಂಡು ಹೋಗಿ ಎಲ್ಲಾದರೂ ಮಣ್ಣು ಮಾಡು ಎಂದು ಶೇಖರಮ್ಮನವರು ಅವ್ವನಿಗೆ ಹೇಳಿದರು.

ಅವ್ವ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು. "ನಾ ಮುಟ್ಟಂಗಿಲ್ರೀ. ಎಂಟು ವರ್ಷ ನಾ ಮುಟ್ಟೀನಿ. ಇವತ್ತ ನೀವು ಮುಟ್ರಿ."

ಇಂಥ ಒಂದು ಮಾತಿಗಾಗಿ ನಾನು ಚಿಕ್ಕಂದಿನಿಂದ ಕಾದಿದ್ದೆ. ಕೇಳಿದಾಗ ಖುಷಿಯಾಗಲಿಲ್ಲ. ಗುರುಬಸವ ಹಮಾಲರನ್ನು ಕರೆಯಲು ಹೊರಟ. ಶೇಖರಮ್ಮನವರು ಬೇಡವೆಂದು ಅವನನ್ನು ತಡೆದರು. ನಿಧಾನವಾಗಿ ಬಂದು, ಬಳೆ ಮೇಲಕ್ಕೇರಿಸಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿಕೊಂಡು ನೀರಿಗೆ ಕೈ ಹಾಕಿದರು. ಕೈಗೆ ಸಿಕ್ಕಿದ್ದು ಬಾಲ. ಅದನ್ನೇ ಹಿಡಿದು ಎತ್ತತೊಡಗಿದರು.

ನಮ್ಮವ್ವ ಹಿಂದೆ ಕಟ್ಟಿದ ಕೈ ಬಿಚ್ಚಿ ಮುಂದಕ್ಕೆ ಧಾವಿಸಿದಳು.

"ಬಾಲ ಹಿಡೀಬ್ಯಾಡ್ರಿ ಅವ್ವಾರ, ಹೊಟ್ಟಿ ಕೆಳಗ ಕೈ ಕೊಡ್ರಿ. ನೋವಾಗ್ತದ ಅದಕ್ಕ."