ಇಬ್ಬರ ಗೋಡೆಯ ಬೂಷ್ಟು

ಸೇಲಂನ ನಮ್ಮ ಮನೆಯಲ್ಲಿ ಮಗ್ಗ ಇರುವುದು ನೆಲದ ಗುಂಡಿಯಲ್ಲಿ. ಅಪ್ಪ ಅದರೊಳಗೆ ಕಾಲಿಳಿಸಿ ಕೂತರೆ ಬೆನ್ನ ಹಿಂದೆಯೇ ಪಕ್ಕದ ಮನೆಗೂ ನಮಗೂ ಸೇರಿದ ಗೋಡೆ. ಹೋದ ಮಳೆಗಾಲದಲ್ಲಿ ಅದು ಕೆಳಗಿನಿಂದ ಕಪ್ಪಾಗುತ್ತಾ ಬಂತು. ಎರಡು ಸಲ ಕೆರೆದು ಸುಣ್ಣ ಹೊಡೆದೆ. ಬೂಷ್ಟು ಮತ್ತೆ ಹತ್ತಿತು. ಅಪ್ಪನಿಗೆ ಕೆಮ್ಮು ಶುರುವಾಯಿತು.

ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ. "ಆ ಕಡೆ ಬಚ್ಚಲ ಪೈಪು ಒಡೆದೈತೆ ಸಾರ್. ಎರಡೂ ಕಡೆ ಗಾರೆ ಕಿತ್ತು, ಬೀದಿ ತನಕ ಹೊಸ ಪೈಪು ಹಾಕ್ಬೇಕು. ಬೀದಿ ಅಗೆಯೋಕೆ ಪರ್ಮಿಷನ್ ಬೇಕು."

ನಾನು ಪಾಠ ಮಾಡುವುದು ಕಡಯಂಪಟ್ಟಿಯ ಶಾಲೆಯಲ್ಲಿ. ಅರ್ಧ ದಿನ ರಜೆ ಹಾಕಿ ವಾರ್ಡ್ ಆಫೀಸಿಗೆ ಹೋದೆ. ಅಲೆದಾಡಿಸುತ್ತಾರೆ ಅಂದುಕೊಂಡಿದ್ದೆ. ಅಲ್ಲಿದ್ದ ಹೆಂಗಸು ನನ್ನ ಫೋನಿನಲ್ಲಿ ಗೋಡೆಯ ಫೋಟೋ ನೋಡಿ, ಕುರ್ಚಿ ತೋರಿಸಿ, ತಮಿಳಿನಲ್ಲಿ ಬಿಡಿಸಿ ಹೇಳಿದರು. ಮನೆಯೊಳಗೆ ಬೂಷ್ಟು ಕೆರೆಯಲು ಯಾರನ್ನೂ ಕೇಳಬೇಕಿಲ್ಲ. ಬೀದಿ ಅಗೆಯಲು ಅರ್ಜಿ ಕೊಡಬೇಕು. ಕಿತ್ತ ಗಾರೆಯನ್ನು ಚರಂಡಿಗೆ ಸುರಿಯುವ ಹಾಗಿಲ್ಲ. ಗೋಡೆ ಇಬ್ಬರದು, ಹಾಗಾಗಿ ಪಕ್ಕದವರ ಒಪ್ಪಿಗೆ ಪತ್ರವನ್ನೂ ಲಗತ್ತಿಸಿದರೆ ಒಳ್ಳೆಯದು. ಪತ್ರ ಹೇಗಿರಬೇಕೆಂದು ತಾವೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅವರಿಗೆ ನಾನು ಯಾರೋ; ಆ ಉಪಕಾರ ಇನ್ನೂ ನೆನೆಯುತ್ತೇನೆ.

ಕಷ್ಟವಿದ್ದದ್ದು ಪಕ್ಕದವರ ಸಹಿ ಪಡೆಯುವುದರಲ್ಲಿ. ಪಕ್ಕದ ಮನೆಯ ಯಜಮಾನಿಯನ್ನು ನಾನು ಚಿಕ್ಕಂದಿನಿಂದ ಅತ್ತೆ ಅನ್ನುತ್ತಿದ್ದೆ, ಅವರು ಅಪ್ಪನನ್ನು ಅಣ್ಣ ಅನ್ನುತ್ತಿದ್ದರು. ಆದರೆ ಬಾಗಿಲ ಮುಂದೆ ನೀರು ನಿಲ್ಲುವ ವಿಷಯಕ್ಕೆ ಅಪ್ಪನಿಗೂ ಅವರಿಗೂ ಜಗಳವಾಗಿ, ಎರಡೂ ಮನೆಯವರು ಮಾತು ಬಿಟ್ಟು ವರ್ಷಗಳಾಗಿದ್ದವು.

ಹೊಸ್ತಿಲಲ್ಲೇ ನಿಂತು ವಿಷಯ ಹೇಳಿದೆ.

"ನಿಮ್ಮಪ್ಪ ಕೆಮ್ಮೋದು ನಂಗೂ ಕೇಳ್ತೈತೆ," ಎಂದರು ಅತ್ತೆ. "ನಮ್ಮ ಬಚ್ಚಲ ನೀರಿಂದ ಅಂತ ಮೊದ್ಲೇ ಯಾಕ್ಲಾ ಏಳ್ಲಿಲ್ಲ?"

"ಈಗ್ಲೇ ಗೊತ್ತಾಗಿದ್ದು ಅತ್ತೆ. ಬೈತೀರೇನೋ ಅಂತ ಭಯ ಬೇರೆ."

"ಬೈಯೋದು ಬೇರೆ, ಇದು ಬೇರೆ. ಪೆನ್ನು ಕೊಡು."

ಸಹಿ ಹಾಕಿ ಕೇಳಿದರು: "ಗೋಡೆ ಒಣಗೋಗಂಟ ಅಣ್ಣ ಎಲ್ಲಿ ನೇಯ್ತಾನೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅತ್ತೆ ಹಾಲ್‌ನ ಆಚೆ ಮೂಲೆಯ ಮಂಚ ತೋರಿಸಿ, "ಅದನ್ನ ಎಳಿ," ಎಂದರು. ಕೆಳಗೆ ಹಲಗೆ ಮುಚ್ಚಿದ ಮಗ್ಗದ ಗುಂಡಿ. ಅವರ ಗಂಡ ನೇಯುತ್ತಿದ್ದ ಜಾಗ. ಗಂಡ ತೀರಿಕೊಂಡ ಮೇಲೆ ಅತ್ತೆ ಮಗ್ಗ ಮಾರಿದ್ದರು. "ಗುಂಡಿಗೆ ಮಣ್ಣು ತುಂಬೋಕೆ ಮನಸ್ಸು ಬರ್ಲಿಲ್ಲ. ಅಣ್ಣನ್ನ ಬರೋಕೇಳು."

ಅಪ್ಪ ಆ ಸಂಜೆಯೇ ಹೋದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ.

"ಒಳಕ್ಕೆ ಬಾ ಅಣ್ಣ, ಕಾಪಿ ಆಗೈತೆ," ಎಂದರು ಅತ್ತೆ.

ಅನುಮತಿ ಬಂತು, ಪೈಪು ಬದಲಾಯಿತು, ಗಾರೆಯನ್ನು ಮೂಟೆ ಕಟ್ಟಿ ಆಫೀಸಿನವರು ಹೇಳಿದ ಜಾಗಕ್ಕೆ ಸಾಗಿಸಿದೆವು. ಗೋಡೆ ಒಣಗುವವರೆಗೂ ಅಪ್ಪ ನಮ್ಮ ಮಗ್ಗವನ್ನು ಬಿಚ್ಚಿ ಪಕ್ಕದ ಮನೆಯ ಗುಂಡಿಯಲ್ಲಿ ಜೋಡಿಸಿ ಅಲ್ಲೇ ನೇಯ್ದ. ಕೆಮ್ಮು ತಾನಾಗಿ ಇಳಿಯಿತು. ಅಲ್ಲಿ ಮುಗಿದ ಮೊದಲ ಸೀರೆಯನ್ನು ಮಗ್ಗದಿಂದ ಇಳಿಸಿ, ಮಡಿಸದೆ ಹಾಗೇ ಅತ್ತೆಯ ಕೈಗಿಟ್ಟ. ಅವರು ಗುಂಡಿಯ ಪಕ್ಕದಲ್ಲೇ ಕೂತು ಅಂಚನ್ನು ಬೆರಳಲ್ಲಿ ಸವರಿದರು.