ಈಜಿಪ್ಟಿನ ಮಗುವಿನ ಅಂಗಿ ಕಾದ ಜಯಮಾಲಾ

ಆಸ್ಟ್ರೇಲಿಯಾದ ಪರ್ತ್ ನಗರದ ವೆಲ್ಷ್‌ಪೂಲ್‌ನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗೋದಾಮಿನ ಉದ್ದನೆಯ ಮೇಜಿನ ಮುಂದೆ ನಿಂತು ಜಯಮಾಲಾ ದಪ್ಪ ಸ್ಪಂಜನ್ನು ಕೊರೆಯುತ್ತಿದ್ದಾರೆ. ಧಾನ್ಯ ಬೀಸುವ ಹೆಂಗಸಿನ ಮರದ ಗೊಂಬೆಯೊಂದು ಅದರಲ್ಲಿ ಮಲಗಿ ಮ್ಯೂಸಿಯಂ ಪ್ರದರ್ಶನಕ್ಕೆಂದು ಬ್ರಿಸ್ಬೇನ್‌ಗೆ ಹೋಗಬೇಕು. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನ ಗೋರಿಯೊಂದರಲ್ಲಿ ಇಟ್ಟಿದ್ದ ಗೊಂಬೆ. ಸತ್ತವರಿಗೆ ಆ ಲೋಕದಲ್ಲೂ ಹಿಟ್ಟು ಬೇಕಲ್ಲ.

"ಮೊಣಕೈ ಹತ್ರ ಬಿಗಿ ಆಗ್ಬಾರ್ದು, ಬ್ಲೌಸ್ ಥರಾನೇ" ಎನ್ನುತ್ತಾರೆ.

ಮೈಸೂರಿನಲ್ಲಿ ರವಿಕೆ ಹೊಲಿಯುತ್ತಿದ್ದವರು ಅವರು. ವೆಲ್ಡರ್ ಪತಿ ಗುರುದತ್ ಜೊತೆ ಇಲ್ಲಿಗೆ ಬಂದ ಮೇಲೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಸೋಫಾ, ಫ್ರಿಜ್ ಪ್ಯಾಕ್ ಮಾಡಿ ಸೊಂಟ ಹಿಡಿಸಿಕೊಂಡರು. ಕೈ ಹಗುರವೆಂದು ಸೂಪರ್‌ವೈಸರ್ ಮ್ಯೂಸಿಯಂ ವಿಭಾಗಕ್ಕೆ ಕಳಿಸಿದರು. ಈಗ ರೊಟ್ಟಿಯಚ್ಚು, ಚಾಪೆ, ಬಾಚಣಿಗೆ ಎಂದು ನೈಲ್ ದಡದ ಸಾಮಾನ್ಯರ ಮನೆಸಾಮಾನು ಅವರ ಕೈಯಲ್ಲಿ ಹಾದುಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ಈ ಪ್ರದರ್ಶನ ಅಡಿಲೇಡ್‌ನಿಂದ ಪರ್ತ್‌ಗೆ ಬರುವಾಗ, ಮರಳುಗಾಡಿನ ನಡುವೆ ಲಾರಿಯ ಏಸಿ ಕೈಕೊಟ್ಟಿತು. ಪೆಟ್ಟಿಗೆಗಳ ಜೊತೆ ಜಯಮಾಲಾ ಕೂಡ ಲಾರಿಯಲ್ಲಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ದಾರಿಯಲ್ಲಿ ಸಿಕ್ಕ ಸರ್ವೋದ, ಅಂದರೆ ಪೆಟ್ರೋಲ್ ಬಂಕಿನ, ಮಾಲಕಿ ತನ್ನ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟಳು. ಏಸಿ ಇದ್ದದ್ದು ಅಲ್ಲಿ ಮಾತ್ರ. ಆದರೆ ಒಂದೇ ಪೆಟ್ಟಿಗೆಗೆ ಜಾಗ. ಬಿಸಿ ತಾಳದ ವಸ್ತುಗಳು ಎರಡಿದ್ದವು: ಈ ಗೊಂಬೆ, ಮತ್ತು ಒಂದು ಮಗುವಿನ ನಾರುಬಟ್ಟೆಯ ಅಂಗಿ.

"ಅಂಗಿ ಕಂಕುಳಲ್ಲಿ ಯಾರೋ ಎರಡು ಸಲ ತೇಪೆ ಹಾಕಿದಾರೆ. ಆ ಮಗು ಓಡಾಡಿ ಹರ್ಕೊಂಡಿರತ್ತೆ. ಮನಸ್ಸೆಲ್ಲಾ ಅದರ ಕಡೇನೇ ಎಳೀತಿತ್ತು. ಆದ್ರೆ ಬಿಸಿಗೆ ಬಣ್ಣ ಎದ್ದು ಬಂದ್ರೆ ಗೊಂಬೆ ಹೋದ ಹಾಗೇನೇ. ಗೊಂಬೆನ ಒಳಗಿಟ್ಬಿಟ್ಟೆ."

ಅಂಗಿಯ ಪೆಟ್ಟಿಗೆಯನ್ನು ಸರ್ವೋದ ಹಿಂದಿನ ಉಗ್ರಾಣದ ನೆಲದ ಮೇಲಿಟ್ಟು, ಫ್ಯಾನ್ ಹಾಕಿ, ರಿಪೇರಿಯವನು ಬರುವವರೆಗೂ ಪಕ್ಕದಲ್ಲೇ ಕುಳಿತರು. ಬೆವರು ತಾಗದಿರಲೆಂದು ಮುಟ್ಟಲಿಲ್ಲ.

ಪರ್ತ್‌ನಲ್ಲಿ ಪೆಟ್ಟಿಗೆ ತೆರೆದಾಗ ಗೊಂಬೆಗೆ ಏನೂ ಆಗಿರಲಿಲ್ಲ. ಅಂಗಿಯ ತೇಪೆಯಲ್ಲಿ ಒಂದು ಎಳೆ ಬಿಟ್ಟುಕೊಂಡಿತ್ತು. ಮ್ಯೂಸಿಯಂನ ತಜ್ಞೆ ಅದನ್ನು ಸರಿಪಡಿಸಿದರು. ಜಯಮಾಲಾ ಅವರ ನಿರ್ಧಾರ ಸರಿಯೆಂದೂ ಹೇಳಿದರು.

"ಸರಿನೇ ಇರ್ಬೋದು. ಆದ್ರೂ ಆವತ್ತು ಊಟ ಸೇರ್ಲಿಲ್ಲ" ಎನ್ನುತ್ತಾ ಅವರು ಚಾಕು ಒರೆಸುತ್ತಾರೆ.

ಇಷ್ಟು ಪ್ರದರ್ಶನಗಳನ್ನು ಹೊತ್ತು ತಿರುಗಿದರೂ ಒಂದನ್ನೂ ಅವರು ನೋಡಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಖಾಲಿ ಲಾರಿಯಲ್ಲಿ ಹೊರಟಿರುತ್ತಾರೆ. ಬ್ರಿಸ್ಬೇನ್‌ನಲ್ಲಿ ಓದುತ್ತಿರುವ ಮಗಳು ತನ್ವಿ ಈ ಸಲ ತನಗೂ ಅಮ್ಮನಿಗೂ ಪ್ರದರ್ಶನದ ಟಿಕೆಟ್ ತೆಗೆದಿದ್ದಾಳೆ.

"ರಜ ಕೇಳಿದೀನಿ, ನೋಡ್ಬೇಕು. ಮೂಲೇಲಿ ಒಂದು ಬೆಂಚ್ ಹಾಕಿರ್ತಾರಲ್ಲ, ಅಲ್ಲಿ ಕೂತ್ಕೊಂಡು ಜನ ಬರೋದು, ಬಗ್ಗಿ ನೋಡೋದು, ಅದನ್ನ ನೋಡೋ ಆಸೆ."